ಅಪ್ಪನ ಕೋಟಿಗೆ ರೋಮಿನ ಹೆಗಲು

ಆರನೇ ಸೆಮಿಸ್ಟರ್ ಮುಗಿಯುವ ಹೊತ್ತಿಗೆ ನಮ್ಮ ಪ್ಲೇಸ್‌ಮೆಂಟ್ ಗ್ರೂಪಿಗೆ ಒಂದು ಮೆಸೇಜ್ ಬಂದು ಬಿತ್ತು: ಸಂದರ್ಶನಕ್ಕೆ ಬರುವವರಿಗೆ ಬ್ಲೇಜರ್ ಕಡ್ಡಾಯ. ಗ್ರೂಪಿನಲ್ಲಿ ಗದ್ದಲವೋ ಗದ್ದಲ. ಬಾಡಿಗೆಗೆ ಎಲ್ಲಿ ಸಿಗುತ್ತದೆ ಎಂದು ಕೇಳುವವರು ಕೆಲವರು, ಸೀನಿಯರ್‌ಗಳ ಬೆನ್ನು ಬಿದ್ದವರು ಇನ್ನು ಕೆಲವರು. ನನಗೆ ಆ ತಾಪತ್ರಯ ಇರಲಿಲ್ಲ. ಅಪ್ಪ ತಮ್ಮ ಆರತಕ್ಷತೆಗೆ ಹೊಲಿಸಿದ ಸೂಟು ಬೀರುವಿನಲ್ಲಿ ನುಸಿಗುಳಿಗೆಯ ಜೊತೆ ಸುಖವಾಗಿ ಮಲಗಿತ್ತು. ಹಾಕಿಕೊಂಡು ಕನ್ನಡಿ ಮುಂದೆ ನಿಂತರೆ, ಕೋಟು ನನ್ನನ್ನು ಹಾಕಿಕೊಂಡ ಹಾಗಿತ್ತು! ಹೆಗಲು ನನ್ನದು ಮುಗಿದ ಮೇಲೂ ಎರಡು ಇಂಚು ಮುಂದುವರಿದಿತ್ತು.

ಕೋಟು ಹೆಗಲ ಮೇಲೆ ಹೇಗೆ ಕೂರಬೇಕು ಎಂದು ಫೋನಿನಲ್ಲಿ ಹುಡುಕುತ್ತಾ ಹೋದಾಗಲೇ ಸಿಕ್ಕಿದ್ದು ಮಾರ್ಸೆಲೊ ಮಾಸ್ಟ್ರೊಯಾನಿ. 1960ರ ಫೆಲಿನಿಯ ‘ಲಾ ದೋಲ್ಚೆ ವೀಟಾ’ ಚಿತ್ರದ ಫೋಟೊ. ಕಪ್ಪು ಸೂಟು, ಸಪೂರ ಟೈ, ರಾತ್ರಿಯಲ್ಲೂ ಕಣ್ಣಿಗೆ ಕಪ್ಪು ಕನ್ನಡಕ. ಕೋಟು ಮೈಮೇಲೆ ಇದೆಯೋ ಇಲ್ಲವೋ ಎಂಬಷ್ಟು ಹಗುರ. ಸೂಟು ಎಂದರೆ ಮದುವೆ ಮನೆಯ ವೇದಿಕೆ ಮೇಲೆ ಬೆವರುವ ಮದುಮಗ ಎಂದುಕೊಂಡಿದ್ದ ನನಗೆ ಇದು ಹೊಸದು.

ಅದಕ್ಕೆ ಕಾರಣ ಇತ್ತು. ಇಂಗ್ಲಿಷ್ ಸೂಟಿಗೆ ಸೈನ್ಯದ ಸಮವಸ್ತ್ರದ ಜಾಯಮಾನ. ಒಳಗೆ ದಪ್ಪ ಕ್ಯಾನ್ವಾಸ್, ಹೆಗಲಿಗೆ ಪ್ಯಾಡ್, ಭಾರದ ಉಣ್ಣೆ. ನೇಪಲ್ಸ್‌ನ ಸೆಖೆಯಲ್ಲಿ ಅದು ಯಾರಿಗೆ ಬೇಕು? 1930ರ ದಶಕದಲ್ಲಿ ಅಲ್ಲಿನ ರುಬಿನಾಚಿ ಅಂಗಡಿಯಲ್ಲಿದ್ದ ವಿಂಚೆಂಜೊ ಅಟ್ಟೊಲಿನಿ ಎಂಬ ದರ್ಜಿ ಪ್ಯಾಡು, ಲೈನಿಂಗು ಎಲ್ಲ ಕಿತ್ತು ಹಾಕಿ ಅಂಗಿಯಷ್ಟು ಮೆತ್ತಗಿನ ಕೋಟು ಹೊಲಿದ. ಯುದ್ಧ ಮುಗಿದ 1945ರಲ್ಲಿ ರೋಮ್‌ನಲ್ಲಿ ಬ್ರಿಯೋನಿ ಶುರುವಾಯಿತು. 1952ರಲ್ಲಿ ಅವರು ಫ್ಲಾರೆನ್ಸ್‌ನಲ್ಲಿ ಗಂಡಸರ ಬಟ್ಟೆಗೂ ಫ್ಯಾಷನ್ ಶೋ ಮಾಡಿಬಿಟ್ಟರು. ಗಿಡ್ಡ ಕೋಟು, ಸಹಜ ಹೆಗಲು, ಕಿರಿದಾದ ಪ್ಯಾಂಟು. ಲಂಡನ್ನಿನ ‘ಮಾಡ್’ ಹುಡುಗರು ಅದನ್ನೇ ನೋಡಿ ಹುಚ್ಚಾದರು. ‘ಲಾ ದೋಲ್ಚೆ ವೀಟಾ’ದ ವಸ್ತ್ರವಿನ್ಯಾಸಕ್ಕೆ ಪಿಯೆರೊ ಗೆರಾರ್ಡಿಗೆ ಆಸ್ಕರ್ ಕೂಡ ಬಂತು.

ಬರೀ ಫೋಟೊ ನೋಡಿ ಸುಮ್ಮನಿದ್ದಿದ್ದರೆ ಚೆನ್ನಾಗಿತ್ತು. ಸಿನಿಮಾನೇ ನೋಡೋಣ ಎಂದು ಕೂತೆ. ಆ ಚೆಂದದ ಸೂಟಿನೊಳಗಿನ ಮಾರ್ಸೆಲೊ ಗಾಸಿಪ್ ಬರೆಯುವ ಪತ್ರಕರ್ತ. ಒಳ್ಳೆಯದೇನಾದರೂ ಬರೆಯಬೇಕು ಎಂಬ ಆಸೆ ಇದ್ದೂ ಪಾರ್ಟಿಯಿಂದ ಪಾರ್ಟಿಗೆ ಅಲೆಯುತ್ತಾ ಖಾಲಿಯಾಗುತ್ತಾ ಹೋಗುತ್ತಾನೆ. ಕೊನೆಗೆ ಬಿಳಿ ಸೂಟಿನಲ್ಲಿ, ಬೆಳಗಿನ ಜಾವದ ಸಮುದ್ರ ತೀರದಲ್ಲಿ, ದೂರದಿಂದ ಕರೆಯುವ ಹುಡುಗಿಯ ಮಾತು ಕೇಳಿಸದೆ ಕೈಚೆಲ್ಲುತ್ತಾನೆ. ಈ ಫೋಟೊ ಹಾಕಿ ‘ಸ್ಟೈಲ್ ಐಕಾನ್’ ಎಂದು ಬರೆಯುವವರು ಸಿನಿಮಾ ಕೊನೆತನಕ ನೋಡಿರುವುದು ಅನುಮಾನ.

ಫ್ರೆಂಚರ ಕಥೆಯೂ ಇದೇ. ಗೊದಾರ್‌ನ ‘ಬ್ರೆತ್‌ಲೆಸ್’ನಲ್ಲಿ (1960) ಬೆಲ್ಮೊಂಡೊ ಹಂಫ್ರಿ ಬೊಗಾರ್ಟ್‌ನ ಚಿತ್ರದ ಮುಂದೆ ನಿಂತು ತುಟಿಯ ಮೇಲೆ ಹೆಬ್ಬೆರಳು ಆಡಿಸುತ್ತಾನೆ, ಅವನ ಹ್ಯಾಟು, ಸಿಗರೇಟು ಎಲ್ಲವೂ ಹಾಲಿವುಡ್‌ನಿಂದ ಎರವಲು. ‘ಲೆ ಸಮುರಾಯ್’ನಲ್ಲಿ (1967) ಅಲೈನ್ ಡೆಲೊನ್ ಹೊರಡುವ ಮುಂಚೆ ಕನ್ನಡಿ ಮುಂದೆ ಹ್ಯಾಟಿನ ಅಂಚನ್ನು ಬೆರಳಲ್ಲಿ ಸವರುವುದನ್ನು ನಾನು ನಾಲ್ಕು ಸಲ ಹಿಂದಕ್ಕೆ ತಿರುಗಿಸಿ ನೋಡಿದೆ. ಆಮೇಲೆ ನೆನಪಾಯಿತು, ಆತ ಹೊರಟಿರುವುದು ಕೊಲೆ ಮಾಡಲು!

ಆದರೆ ಹ್ಯಾಟು ಎಂದರೆ ಈಗ ನನಗೆ ನೆನಪಾಗುವುದು ಬೇರೆಯೇ. ಡಿ ಸಿಕಾನ ‘ಬೈಸಿಕಲ್ ಥೀವ್ಸ್’ (1948). ಪೋಸ್ಟರ್ ಅಂಟಿಸುವ ಕೆಲಸ ಹಿಡಿಯಲು ಸೈಕಲ್ ಬೇಕು. ಅಡವಿಟ್ಟ ಸೈಕಲ್ ಬಿಡಿಸಿಕೊಳ್ಳಲು ಹೆಂಡತಿ ಮನೆಯ ಹಾಸಿಗೆಯ ಬಟ್ಟೆಗಳನ್ನೇ ಅಡವಿಡುತ್ತಾಳೆ. ಮೊದಲ ದಿನವೇ ಸೈಕಲ್ ಕಳ್ಳತನವಾಗುತ್ತದೆ. ಕೊನೆಗೆ ಅಂಟೋನಿಯೊ ತಾನೇ ಒಂದು ಸೈಕಲ್ ಕದಿಯಲು ಹೋಗಿ ಜನರ ಕೈಗೆ ಸಿಕ್ಕಿಬೀಳುತ್ತಾನೆ. ಎಳೆದಾಟದಲ್ಲಿ ಅವನ ಹ್ಯಾಟು ಬೀದಿಗೆ ಬೀಳುತ್ತದೆ. ಪುಟ್ಟ ಮಗ ಬ್ರೂನೊ ಅದನ್ನು ಎತ್ತಿಕೊಂಡು ದೂಳು ಕೊಡವುತ್ತಾನೆ. ಅಪ್ಪನ ಪಾತ್ರ ಮಾಡಿದ ಲಾಂಬೆರ್ಟೊ ಮಜ್ಜೊರಾನಿ ನಟನಲ್ಲ, ಕಾರ್ಖಾನೆಯ ಕಾರ್ಮಿಕ.

ಅದೇ ನಿರ್ದೇಶಕನ ‘ಉಂಬೆರ್ಟೊ ಡಿ’ಯಲ್ಲಿ (1952) ಪಿಂಚಣಿ ಸಾಲದೆ ಬಾಡಿಗೆ ಕಟ್ಟಲಾಗದ ನಿವೃತ್ತ ಸರ್ಕಾರಿ ನೌಕರನೊಬ್ಬನಿದ್ದಾನೆ. ಕೋಟು, ಹ್ಯಾಟು ಇಲ್ಲದೆ ಬೀದಿಗಿಳಿಯುವವನಲ್ಲ. ಒಂದು ದಿನ ಭಿಕ್ಷೆಗೆಂದು ಕೈ ಚಾಚುತ್ತಾನೆ. ಯಾರೋ ನಿಜಕ್ಕೂ ದುಡ್ಡು ಹಾಕಲು ಬಂದಾಗ, ಮಳೆ ಬರುತ್ತಿದೆಯೇ ಎಂದು ನೋಡುವವನಂತೆ ಅಂಗೈಯನ್ನು ತಟ್ಟನೆ ಮಗುಚಿಬಿಡುತ್ತಾನೆ. ಆಮೇಲೆ ತನ್ನ ನಾಯಿಯ ಬಾಯಿಗೆ ಹ್ಯಾಟು ಕೊಟ್ಟು ನಿಲ್ಲಿಸಿ ತಾನು ಮರೆಯಲ್ಲಿ ನಿಲ್ಲುತ್ತಾನೆ. ಹಾಸ್ಟೆಲಿನ ಮಂಚದ ಮೇಲೆ ಕೂತು ಇದನ್ನು ನೋಡುವಾಗ ಕೋಟಿನ ಲ್ಯಾಪೆಲ್ ಎಷ್ಟು ಅಗಲ ಎಂದು ಅಳೆಯುವ ಮನಸ್ಸು ನನಗೆ ಬರಲಿಲ್ಲ.

ಪ್ಲೇಸ್‌ಮೆಂಟಿಗೆ ಕೂರುವವರು ಒಂದೇ ಒಂದು ಚಿತ್ರ ನೋಡುವುದಿದ್ದರೆ ಎರ್ಮಾನೊ ಓಲ್ಮಿಯ ‘ಇಲ್ ಪೋಸ್ತೊ’ (1961) ನೋಡಿ. ಹೆಸರಿನ ಅರ್ಥವೇ ‘ನೌಕರಿ’. ಮಿಲಾನ್ ಹತ್ತಿರದ ಊರಿನ ಡೊಮೆನಿಕೊ ಎಂಬ ಹುಡುಗ ಇದ್ದುದರಲ್ಲೇ ಒಳ್ಳೆಯ ಬಟ್ಟೆ ತೊಟ್ಟು ದೊಡ್ಡ ಕಂಪನಿಯೊಂದರ ಪರೀಕ್ಷೆಗೆ ಹೋಗುತ್ತಾನೆ. ಒಂದು ಲೆಕ್ಕ ಕೊಡುತ್ತಾರೆ. ಬಸ್ಕಿ ಹೊಡೆಸುತ್ತಾರೆ. ಚಿಂತೆ ಮರೆಯಲು ಆಗಾಗ ಕುಡಿಯುತ್ತೀಯಾ ಎಂಬರ್ಥದ ಪ್ರಶ್ನೆ ಕೇಳುತ್ತಾರೆ. ನಮ್ಮ ಆಪ್ಟಿಟ್ಯೂಡ್ ಟೆಸ್ಟಿನ ಅಜ್ಜ! ಗುಮಾಸ್ತನ ಹುದ್ದೆ ಖಾಲಿಯಿಲ್ಲವೆಂದು ಸದ್ಯಕ್ಕೆ ಜವಾನನ ಕೆಲಸಕ್ಕೆ ಹಾಕುತ್ತಾರೆ. ಹೊಸ ವರ್ಷದ ಪಾರ್ಟಿಗೆ ಟೈ ಕಟ್ಟಿಕೊಂಡು ಬೇಗನೆ ಹೋದರೆ ಸಭಾಂಗಣವೇ ಖಾಲಿ. ತಲೆಗೊಂದು ಕಾಗದದ ಟೊಪ್ಪಿ ಕೊಡುತ್ತಾರೆ. ಅವನು ಕಾಯುತ್ತಿದ್ದ ಹುಡುಗಿ ಬರುವುದೇ ಇಲ್ಲ. ಕಡೆಗೆ ಒಬ್ಬ ಗುಮಾಸ್ತ ಸತ್ತಾಗ ಮೇಜು ಸಿಗುತ್ತದೆ. ಓಲ್ಮಿ ಇದನ್ನು ಊಹಿಸಿ ಬರೆದವರಲ್ಲ, ಮಿಲಾನಿನ ಎಡಿಸನ್‌ವೋಲ್ಟಾ ವಿದ್ಯುತ್ ಕಂಪನಿಯಲ್ಲಿ ಕೆಲಸ ಮಾಡಿದವರು.

ಊರಿಗೆ ಹೋದಾಗ ಅಪ್ಪನ ಕೋಟು ಹಿಡಿದು ಬಸ್ ಸ್ಟ್ಯಾಂಡ್ ಹಿಂದಿನ ಟೈಲರ್ ಅಂಗಡಿಗೆ ಹೋದೆ. ಫೋನಿನಲ್ಲಿ ಮಾಸ್ಟ್ರೊಯಾನಿಯನ್ನು ತೋರಿಸಿ, “ಅಂಕಲ್, ಹೆಗಲು ಹೀಗೆ ಬರಬೇಕು” ಎಂದೆ. ಅವರು ಕನ್ನಡಕ ಏರಿಸಿ ಫೋಟೊ ನೋಡಿದರು, ನನ್ನನ್ನು ನೋಡಿದರು, ಕೋಟಿನ ಒಳಗೆ ಕೈ ತೂರಿಸಿ ತಡಕಾಡಿದರು.

“ನೋಡಪ್ಪಾ, ಪ್ಯಾಡ್ ತೆಗೀಬಹುದು. ಆದ್ರೆ ಬರೀ ಪ್ಯಾಡ್ ತೆಗೆದ್ರೆ ಹೆಗಲು ಸೊರಗಿಹೋಗುತ್ತೆ. ತೋಳು ಬಿಚ್ಚಿ, ಒಳಗೆ ತಗೊಂಡು, ಮತ್ತೆ ಕೂರಿಸ್ಬೇಕು. ಹೊಸದು ಹೊಲಿಯೋದೇ ಸುಲಭ.”

ಹೊಸದು ಹೊಲಿಸೋಣ ಎಂದು ಅಪ್ಪನೂ ಅಂದಿದ್ದರು. ಅಂದಾಗ ಅವರ ದನಿ ಸ್ವಲ್ಪ ಮೆತ್ತಗಿತ್ತು. ಆ ತಿಂಗಳು ನನ್ನ ಕಾಲೇಜು ಫೀಸಿನ ಕಂತು ಬಾಕಿಯಿತ್ತು. ನಾನು ಇದೇ ಆಗಲಿ ಅಂದೆ.

ವಾರ ಬಿಟ್ಟು ಕೋಟು ಬಂತು. ಮಾಸ್ಟ್ರೊಯಾನಿ ಆಗಲಿಲ್ಲ, ಬಿಡಿ. ಎಡಗಡೆ ಹೆಗಲಲ್ಲಿ ಒಂದು ಸಣ್ಣ ಸುಕ್ಕು ಉಳಿದಿದೆ, ಕೈ ಎತ್ತಿದರೆ ಕಾಣುತ್ತದೆ. ಹಾಕಿಕೊಂಡು ನಿಂತಾಗ ಅಪ್ಪ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಬೆನ್ನ ಮೇಲಿದ್ದ ದಾರದ ಎಳೆಯೊಂದನ್ನು ಕಿತ್ತು, “ನನಗಿಂತ ನಿನಗೇ ಚೆನ್ನಾಗಿದೆ ಕಣೋ” ಎಂದರು. ಮೊದಲ ಕಂಪನಿ ಬರುವುದು ಮುಂದಿನ ತಿಂಗಳು. ಬಿಚ್ಚಿದ ಪ್ಯಾಡುಗಳನ್ನು ಟೈಲರ್ ಅಂಕಲ್ ಕವರಿನಲ್ಲಿ ಹಾಕಿ ವಾಪಸ್ ಕೊಟ್ಟಿದ್ದರು. ಅಮ್ಮ ಅವುಗಳಲ್ಲಿ ಕುಕ್ಕರ್ ಇಳಿಸುತ್ತಿದ್ದಾಳೆ.