‘ಖಾತೆ ಬದಲಾಗಿದೆ’ ಎಂದರೆ ನಂಬುವುದೇ?

ಬಸವಕಲ್ಯಾಣದಲ್ಲಿ ಲಾರಿ ಗ್ಯಾರೇಜು ಇಟ್ಟುಕೊಂಡಿರುವ ಅಪ್ಪ ಹೈದರಾಬಾದಿನಿಂದ ಬಿಡಿಭಾಗ ತರಿಸಿದ್ದಾರೆ ಎಂದುಕೊಳ್ಳಿ. ಸಾಮಾನು ಬಂದಿದೆ, ಹಣ ಕಳಿಸಬೇಕು. ಅಷ್ಟರಲ್ಲಿ ಒಂದು ಇ-ಮೇಲ್: ‘ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ, ಇದಕ್ಕೆ ಹಾಕಿ.’ ಬಿಲ್ಲಿನ ಮೊತ್ತ ಸರಿ, ಅಂಗಡಿಯ ಮೊಹರೂ ಸರಿ. ಖಾತೆ ಸಂಖ್ಯೆ ಮಾತ್ರ ಕಳ್ಳನದು! ಅಂಗಡಿಯವರ ಇ-ಮೇಲ್‌ಗೆ ಕನ್ನ ಹಾಕಿ, ಬಿಲ್ಲನ್ನೆಲ್ಲ ಓದಿಕೊಂಡೇ ಅವನು ಬಂದಿರುತ್ತಾನೆ.

ನೆಫ್ಟ್, ಆರ್‌ಟಿಜಿಎಸ್‌ನಲ್ಲಿ ಹಣ ಜಮೆಯಾಗುವುದು ಖಾತೆ ಸಂಖ್ಯೆ ನೋಡಿ, ನಾವು ಬರೆದ ಹೆಸರು ನೋಡಿ ಅಲ್ಲ. ಎಷ್ಟೋ ವ್ಯಾಪಾರಿಗಳಿಗೇ ಇದು ಗೊತ್ತಿಲ್ಲ. ಅದಕ್ಕೇ ರಿಸರ್ವ್ ಬ್ಯಾಂಕು, ಹಣ ಕಳಿಸುವ ಮೊದಲೇ ಖಾತೆದಾರರ ಹೆಸರು ತೋರಿಸುವ ಸೌಲಭ್ಯವನ್ನು 2025ರ ಏಪ್ರಿಲ್ 1ರೊಳಗೆ ಕೊಡಬೇಕೆಂದು ಬ್ಯಾಂಕುಗಳಿಗೆ ಸೂಚಿಸಿತು. ಹೆಸರು ನೋಡಿ. ಅದಕ್ಕೂ ಮೊದಲು ಒಂದು ಫೋನ್ ಮಾಡಿ. ಇ-ಮೇಲ್‌ನಲ್ಲಿರುವ ನಂಬರಿಗಲ್ಲ, ಹಳೇ ಬಿಲ್ಲಿನಲ್ಲಿರುವ ನಂಬರಿಗೆ. ‘ಇಷ್ಟು ವರ್ಷದ ವ್ಯವಹಾರ, ಕೇಳಿದರೆ ಬೇಜಾರು ಮಾಡಿಕೊಂಡಾರು’ ಎಂಬ ಸಂಕೋಚವೇ ಕಳ್ಳನ ಬಂಡವಾಳ.

ಹುಮನಾಬಾದಿನ ವೀರಭದ್ರೇಶ್ವರ ಜಾತ್ರೆಯಂಥ ಗದ್ದಲದಲ್ಲಿ ಇನ್ನೊಂದು ಭಯ. ಬಂಡಿಯ ಕ್ಯೂಆರ್ ಚೀಟಿಯ ಮೇಲೆ ಯಾರೋ ತಮ್ಮ ಚೀಟಿ ಅಂಟಿಸಿದರೆ ಮಿರ್ಚಿ ನಮ್ಮದು, ದುಡ್ಡು ಅವರದು! ಮಕ್ಕಳೇ, ಈ ಕೆಲಸ ನಿಮಗೇ ಇರಲಿ: ಬೆಳಿಗ್ಗೆ ಅಮ್ಮನ ಫೋನಿನಿಂದ ಸ್ಕ್ಯಾನ್ ಮಾಡಿ, ಯಾರ ಹೆಸರು ಬರುತ್ತದೆಂದು ಓದಿ ಹೇಳಿ.

ಹಣ ಹೋಗಿಯೇಬಿಟ್ಟರೆ ತಡಮಾಡದೆ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿ. ಕಳ್ಳ ಅದನ್ನು ಬೇರೆ ಖಾತೆಗೆ ದಾಟಿಸುವ ಮುನ್ನ ದೂರು ತಲುಪಿದರೆ ಹಣ ತಡೆಹಿಡಿಯಬಹುದು.