ನಿಮಗಿದು ಗೊತ್ತೇ? ಕೆಂಪಾಗಿ ಹುಟ್ಟಿ ಹಸಿರಾಗುವ ಹಾವು

● ದಕ್ಷಿಣ ಅಮೆರಿಕದ ಮಳೆಕಾಡುಗಳಲ್ಲಿ ಪಚ್ಚೆ ಮರಬೋವಾ ಎಂಬ ಹಾವಿದೆ. ಅಚ್ಚ ಹಸಿರು ಮೈ, ಬೆನ್ನ ಮೇಲೆ ಬಿಳಿಯ ಅಂಕುಡೊಂಕು ಗುರುತು, ಹಳದಿ ಹೊಟ್ಟೆ. ಉದ್ದ ಸುಮಾರು 6 ಅಡಿ. ವಿಷವಿಲ್ಲ.

● ಮರಿಗಳು ಮಾತ್ರ ಹಸಿರಲ್ಲ! ಇಟ್ಟಿಗೆಗೆಂಪು ಇಲ್ಲವೇ ಕಿತ್ತಳೆ ಬಣ್ಣದಲ್ಲಿ ಹುಟ್ಟಿ, ಹೆಚ್ಚುಕಡಿಮೆ ವರ್ಷದೊಳಗೆ ಹಸಿರಿಗೆ ತಿರುಗುತ್ತವೆ.

● ಹಗಲೆಲ್ಲ ಅಡ್ಡಕೊಂಬೆಯ ಮೇಲೆ ಸಿಂಬೆಯಂತೆ ಸುತ್ತಿಕೊಂಡು, ನಡುವೆ ತಲೆಯಿಟ್ಟು ಮಲಗುತ್ತದೆ. ಕತ್ತಲಾದ ಮೇಲೆ ಬಾಲದಿಂದ ಕೊಂಬೆಯನ್ನು ಬಿಗಿಹಿಡಿದು, ತಲೆ ಕೆಳಗೆ ಇಳಿಬಿಟ್ಟು ಕಾಯುತ್ತದೆ. ತುಟಿಯ ಹುರುಪೆಗಳ ನಡುವಿನ ಕುಳಿಗಳು ಬಿಸಿರಕ್ತದ ಪ್ರಾಣಿಯ ಮೈಶಾಖವನ್ನು ಗುರುತಿಸುತ್ತವೆ. ಮುಂದಿನ ಹಲ್ಲುಗಳು ಬಹಳ ಉದ್ದ. ಅವು ಹಕ್ಕಿಯ ಪುಕ್ಕ ದಾಟಿ ಕಚ್ಚಲಿಕ್ಕೇ ಇವೆ ಎಂದು ಹಿಂದೆ ನಂಬಿದ್ದರು. ಆದರೆ ಇದರ ಮುಖ್ಯ ಆಹಾರ ಇಲಿಯಂಥ ಸಣ್ಣ ಸಸ್ತನಿಗಳು.

● ಲಿನೇಯಸ್ ಇದಕ್ಕೆ ವೈಜ್ಞಾನಿಕ ಹೆಸರಿಟ್ಟದ್ದು 1758ರಲ್ಲಿ. ಒಂದೇ ಪ್ರಭೇದವೆಂದು ತಿಳಿದಿದ್ದುದನ್ನು 2009ರಲ್ಲಿ ಎರಡಾಗಿ ಬೇರ್ಪಡಿಸಲಾಯಿತು: ಗಯಾನಾ, ಸುರಿನಾಮ್, ವೆನೆಜುವೆಲಾ ಕಡೆಯದು ಒಂದು, ಪೆರು, ಈಕ್ವೆಡಾರ್ ಸೇರಿದ ಅಮೆಜಾನ್ ಕೊಳ್ಳದ್ದು ಇನ್ನೊಂದು. ಬ್ರೆಜಿಲ್‌ನಲ್ಲಿ ಎರಡೂ ಇವೆ.

● ಇದರ ತದ್ರೂಪಿ ಇರುವುದು ಮಹಾಸಾಗರದಾಚೆ! ನ್ಯೂಗಿನಿ ಮತ್ತು ಆಸ್ಟ್ರೇಲಿಯಾದ ಉತ್ತರ ತುದಿಯ ಕಾಡುಗಳಲ್ಲಿರುವ ಹಸಿರು ಮರಹೆಬ್ಬಾವಿಗೂ ಅದೇ ಬಣ್ಣ, ಅದೇ ಸುತ್ತು. ಅದರ ಮರಿಗಳೂ ಹಳದಿಯಾಗಿಯೋ ಕೆಂಪಾಗಿಯೋ ಹುಟ್ಟಿ ಆಮೇಲೆ ಹಸಿರಾಗುತ್ತವೆ. ಎರಡಕ್ಕೂ ಹತ್ತಿರದ ನಂಟಿಲ್ಲ. ಮರದ ಮೇಲಿನ ಒಂದೇ ಬಗೆಯ ಬದುಕು ಬೇರೆ ಬೇರೆ ವಂಶಗಳನ್ನು ಒಂದೇ ಅಚ್ಚಿಗೆ ತಂದಿದೆ. ವಿಕಾಸದ ಇಷ್ಟು ಚೆಂದದ ಉದಾಹರಣೆ ಅಪರೂಪ. ಗುರುತಿಸುವುದು ಹೇಗೆ? ಹೆಬ್ಬಾವಿನ ಕುಳಿಗಳಿರುವುದು ತುಟಿಯ ಹುರುಪೆಗಳ ಒಳಗೇ. ಅದು ಮೊಟ್ಟೆಯಿಟ್ಟು ಕಾವು ಕೊಡುತ್ತದೆ; ಬೋವಾ ನೇರವಾಗಿ ಮರಿ ಹಾಕುತ್ತದೆ.

● ಬೋವಾಗಳ ನೆಂಟ ನಮ್ಮಲ್ಲೂ ಇದೆ. ಬಯಲುಸೀಮೆಯ ಮಣ್ಣುಮುಕ್ಕ ಹಾವು, ಅಂದರೆ ಜನ 'ಎರಡು ತಲೆ ಹಾವು' ಎನ್ನುವುದು, ಅದೇ ಬಳಗದ್ದು; ಮರದ ಬದಲು ಮಣ್ಣನ್ನು ಆರಿಸಿಕೊಂಡಿದೆ. ಅದಕ್ಕಿರುವುದು ಒಂದೇ ತಲೆ, ಇನ್ನೊಂದು ಮೊಂಡು ಬಾಲ. ಅದೃಷ್ಟ ತರುತ್ತದೆಂಬ ಸುಳ್ಳು ನಂಬಿ ಈ ಸಾಧು ಜೀವಿಯನ್ನು ಹಿಡಿದು ಮಾರುತ್ತಾರೆ. ಅದು ಅಪರಾಧ.

● ಮರಬೋವಾಗಳ ಪೈಕಿ ಅತಿ ವಿರಳವಾದದ್ದು ಬ್ರೆಜಿಲ್‌ನ ಅಟ್ಲಾಂಟಿಕ್ ಕಾಡಿನ ಕ್ರೊಪಾನಿ ಬೋವಾ. 1953ರಲ್ಲಿ ಹೆಸರು ಪಡೆದ ಇದು ಮತ್ತೆ ವಿಜ್ಞಾನಿಗಳ ಕೈಗೆ ಜೀವಂತವಾಗಿ ಸಿಕ್ಕಿದ್ದು 2017ರಲ್ಲಿ. ಹಾವನ್ನು ಕೊಲ್ಲಬಾರದೆಂದು ಅರಿತಿದ್ದ ಅಲ್ಲಿನ ಹಳ್ಳಿಗರೇ ಅದನ್ನು ಹಿಡಿದು ಒಪ್ಪಿಸಿದರು. ಮೈಯಲ್ಲಿ ರೇಡಿಯೋ ಉಪಕರಣ ಅಳವಡಿಸಿ, ಅದನ್ನು ಮತ್ತೆ ಕಾಡಿಗೇ ಬಿಡಲಾಯಿತು.