ಕಾಗದದ ಮುಖವಾಡಕ್ಕೆ ಮಣ್ಣಿನ ಅಚ್ಚು: ಪುರುಲಿಯಾದ ಛೌ ಪರಂಪರೆಯನ್ನು ಕುರಿತು

ಮುಖವಾಡಗಳ ಅಧ್ಯಯನವು ಸಾಮಾನ್ಯವಾಗಿ ಬಣ್ಣ, ಅಲಂಕಾರ ಹಾಗೂ ಪಾತ್ರಸ್ವರೂಪಗಳ ಸುತ್ತ ನಡೆಯುತ್ತದೆ. ಅವುಗಳಿಗೆ ರೂಪ ನೀಡುವ ಅಚ್ಚು ಪ್ರೇಕ್ಷಕನ ಕಣ್ಣಿಗೆ ಬೀಳುವುದಿಲ್ಲ. ನಮ್ಮ ಸೋಮನ ಕುಣಿತದ ಮುಖವಾಡವನ್ನು ಮರದಲ್ಲಿ ಕೊರೆಯುತ್ತಾರೆ. ಕೊರೆದ ವಸ್ತುವೇ ಅಲ್ಲಿ ಮುಖವಾಡ. ಕಾಗದದ ಮುಖವಾಡದಲ್ಲಾದರೋ ಕಲಾವಿದನ ಮೊದಲ ಕೃತಿ ಅಚ್ಚು. ಪಶ್ಚಿಮ ಬಂಗಾಳದ ಪುರುಲಿಯಾ ಜಿಲ್ಲೆಯ ಛೌ ಮುಖವಾಡ ಇದಕ್ಕೆ ಉತ್ತಮ ನಿದರ್ಶನ.

ಈ ಕಸುಬಿನ ಪ್ರಮುಖ ನೆಲೆ ಬಾಗ್‌ಮುಂಡಿ ಪ್ರದೇಶದ ಚಡಿದಾ ಗ್ರಾಮ. ಕಸುಬುದಾರರು ಸೂತ್ರಧಾರ ಸಮುದಾಯದವರು. ಮೊದಲು ಜೇಡಿಮಣ್ಣಿನಲ್ಲಿ ಮುಖದ ಉಬ್ಬು ಆಕೃತಿಯನ್ನು ತಿದ್ದಿ ಒಣಗಿಸಲಾಗುತ್ತದೆ. ಅದರ ಮೇಲೆ ನುಣುಪಾದ ಬೂದಿಯನ್ನು ಉದುರಿಸುತ್ತಾರೆ. ಮಣ್ಣಿಗೂ ಕಾಗದಕ್ಕೂ ನಡುವೆ ಉಳಿಯುವ ಈ ತೆಳುಪದರವೇ ಮುಂದೆ ಮುಖವಾಡವನ್ನು ಹರಿಯದಂತೆ ಬಿಡಿಸಿಕೊಡುವುದು. ಬಳಿಕ ತೆಳು ಅಂಟಿನಲ್ಲಿ ನೆನೆಸಿದ ಮೆದು ಕಾಗದವನ್ನು 8ರಿಂದ 10 ಪದರಗಳಾಗಿ ಒಂದರ ಮೇಲೊಂದು ಹಚ್ಚುತ್ತಾರೆ.

ಇಲ್ಲಿ ಅಚ್ಚಿನ ಸ್ವರೂಪವನ್ನು ಗಮನಿಸಬೇಕು. ಕುಳಿ ಅಚ್ಚಿನಲ್ಲಿ ಮೊದಲ ಪದರವೇ ಹೊರಮೈಯಾಗುವುದರಿಂದ ಗೆರೆಗಳು ಸ್ಪಷ್ಟವಾಗಿ ಮೂಡುತ್ತವೆ. ಉಬ್ಬು ಅಚ್ಚಿನಲ್ಲಿ ಕೊನೆಯ ಪದರ ಹೊರಮೈ. ಪದರ ಹೆಚ್ಚಿದಂತೆ ಹುಬ್ಬು, ತುಟಿ, ಮೂಗಿನ ಅಂಚುಗಳು ಮೊಂಡಾಗುತ್ತವೆ. ಆದ್ದರಿಂದಲೇ ಕಾಗದದ ಮೇಲೆ ಪುನಃ ಮಣ್ಣು ಹಚ್ಚಿ ಮುಖಲಕ್ಷಣಗಳನ್ನು ತಿದ್ದುತ್ತಾರೆ. ಮಣ್ಣು ಮತ್ತು ಬಟ್ಟೆಯ ಪದರವನ್ನು ಕೂಡಿಸಿ, ಬಿಸಿಲಿನಲ್ಲಿ ಒಣಗಿಸಿ, ಮೈಯನ್ನು ನಯಗೊಳಿಸುತ್ತಾರೆ. ಮತ್ತೊಮ್ಮೆ ಒಣಗಿದ ಬಳಿಕವೇ ಅಚ್ಚಿನಿಂದ ಬೇರ್ಪಡಿಸಿ, ಕಣ್ಣು ಹಾಗೂ ಮೂಗಿನ ರಂಧ್ರಗಳನ್ನು ತೆರೆದು, ಬಣ್ಣ ಮತ್ತು ಅಲಂಕಾರಗಳಿಗೆ ತೊಡಗುತ್ತಾರೆ. ಅಚ್ಚಿನ ಅಂಚು ಒಳಕ್ಕೆ ಬಾಗಿದ್ದರೆ ಒಣಗಿದ ಮುಖವಾಡ ಅದರಿಂದ ಕಳಚದು. ಹಸಿಯಿರುವಾಗಲೇ ಕಳಚಿದರೆ ಸೊಟ್ಟಗಾಗುವುದು. ಹೀಗೆ ಮುಖವಾಡ ಹೊರಬರುವ ಬಗೆಯನ್ನು ಮಣ್ಣು ತಿದ್ದುವಾಗಲೇ ಊಹಿಸಿರಬೇಕಾಗುತ್ತದೆ.

ಛೌ ನೃತ್ಯವು 2010ರಲ್ಲಿ ಯುನೆಸ್ಕೋದ ಅಮೂರ್ತ ಪರಂಪರೆಯ ಪಟ್ಟಿಯನ್ನು ಸೇರಿತು. ಪುರುಲಿಯಾದ ಮುಖವಾಡಕ್ಕೆ 2018ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ದೊರೆಯಿತು. ಈ ಮನ್ನಣೆಗಳು ಕಲೆಯ ಹೆಸರನ್ನು ಕಾಯಬಲ್ಲವು. ಮಣ್ಣಿನ ಹದ, ಬೂದಿಯ ಪ್ರಮಾಣ, ಕಳಚುವ ಹೊತ್ತು ಇವುಗಳ ಅರಿವು ಕಸುಬುದಾರನ ಕೈಯಲ್ಲಿಯೇ ಉಳಿದಿರುತ್ತದೆ. ಬಣ್ಣ ಬಳಿದ ಮುಖವಾಡವನ್ನು ಎಷ್ಟು ಪರಿಶೀಲಿಸಿದರೂ ಅದು ಪೂರ್ಣವಾಗಿ ತಿಳಿಯದು. ಆದುದರಿಂದ ಸಂಗ್ರಹಾಲಯಗಳೂ ಸಂಶೋಧಕರೂ ಮುಖವಾಡದ ಜೊತೆಗೆ ಅಚ್ಚನ್ನೂ ತಯಾರಿಕೆಯ ಪ್ರತಿಯೊಂದು ಹಂತವನ್ನೂ ದಾಖಲಿಸುವುದು ಅಗತ್ಯ. ಅಚ್ಚಿನ ತಿಳಿವಳಿಕೆ ಅಳಿದರೆ ಉಳಿದ ಮುಖವಾಡಗಳನ್ನು ನೋಡಬಹುದೇ ಹೊರತು ಮತ್ತೊಂದನ್ನು ಅದೇ ಬಗೆಯಲ್ಲಿ ಮಾಡಲಾಗದು.